ಒಂದು ರಾತ್ರಿಯ ಕುರುಕ್ಷೇತ್ರ, ನಾಲ್ಕು ತಿಂಗಳ ಯೋಜನೆ

ಹಳ್ಳಿಯ ಹವ್ಯಾಸಿ ಕಲಾವಿದರು ಆಡುವ ಪೌರಾಣಿಕ ನಾಟಕ ಮೇಲ್ನೋಟಕ್ಕೆ ಒಂದು ರಾತ್ರಿಯ ಕೆಲಸ. ಸಂಜೆ ಪರದೆ ಕಟ್ಟಿ, ಬೆಳಗಿನ ಜಾವ ಬಿಚ್ಚಿದರೆ ಮುಗಿಯಿತು. ಆದರೆ ಆ ಒಂದು ರಾತ್ರಿಗಾಗಿ ಇಪ್ಪತ್ತು ಮೂವತ್ತು ಮಂದಿ ತಿಂಗಳುಗಟ್ಟಲೆ ತಾಲೀಮು ನಡೆಸಿರುತ್ತಾರೆ, ಕೈಯಿಂದ ಹಣ ಹಾಕಿರುತ್ತಾರೆ, ಮೇಷ್ಟ್ರಿಗೆ ಮಾತು ಕೊಟ್ಟಿರುತ್ತಾರೆ. ನಾಟಕ ನಿಂತರೆ ನಷ್ಟವಾಗುವುದು ಹಣ ಮಾತ್ರವಲ್ಲ. ಊರಿನೊಳಗಿನ ಸ್ನೇಹ, ನಂಬಿಕೆಗಳೂ ಕೆಡುತ್ತವೆ. ದೊಡ್ಡ ಕಾಮಗಾರಿಗಳಿಗಾಗಿ ರೂಪುಗೊಂಡ ಯೋಜನಾ ನಿರ್ವಹಣೆಯ ವಿಧಾನಗಳು ಇಂತಹ ಕೆಲಸಕ್ಕೆ ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಹಿನ್ನೆಲೆ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆ. ರಾಗಿ, ಶೇಂಗಾ ಬೆಳೆಯ ಸುಗ್ಗಿ ಮುಗಿದ ಮೇಲೆ, ಶಿವರಾತ್ರಿ, ಯುಗಾದಿ ಮತ್ತು ಗ್ರಾಮದೇವತೆಯ ಜಾತ್ರೆಗಳ ಹೊತ್ತಿಗೆ ಇಲ್ಲಿನ ಹಳ್ಳಿಗಳಲ್ಲಿ ನಾಟಕದ ಸಡಗರ ಆರಂಭವಾಗುತ್ತದೆ. 'ಕುರುಕ್ಷೇತ್ರ', 'ಶನಿಪ್ರಭಾವ', 'ದಾನಶೂರ ಕರ್ಣ' ಮುಂತಾದ ಹೆಸರುಗಳುಳ್ಳ ಕರಪತ್ರಗಳು ಬಸ್ ನಿಲ್ದಾಣದ ಗೋಡೆಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಕಾಲದಲ್ಲಿ ರಾಜ್ಯದುದ್ದಕ್ಕೂ ಹೆಸರಾಯಿತು. 1930ರ ದಶಕದಲ್ಲಿ ಅದು ಆನೆ, ಕುದುರೆಗಳನ್ನೇ ತಂದು ಬಯಲಿನಲ್ಲಿ ಆಡಿದ 'ಕುರುಕ್ಷೇತ್ರ' ಇಂದಿಗೂ ನೆನಪಿನಲ್ಲಿದೆ. ಕಂಪನಿಗಳ ವೈಭವ ಇಳಿದ ಬಳಿಕವೂ ಅವುಗಳ ಹಾಡು, ಮಾತಿನ ಧಾಟಿ, ಪರದೆಗಳ ಮಾದರಿ ಹಳ್ಳಿಯ ಹವ್ಯಾಸಿ ತಂಡಗಳಲ್ಲಿ ಉಳಿದುಕೊಂಡವು. ಅದಕ್ಕೂ ಹಿಂದಿನಿಂದ ಬಂದ ಮೂಡಲಪಾಯ ಯಕ್ಷಗಾನವೂ ಈ ಸೀಮೆಯದೇ. ಪಾವಗಡದಂತಹ ಗಡಿ ತಾಲ್ಲೂಕಿನಲ್ಲಿ ತೆಲುಗು ಪದ್ಯನಾಟಕದ ಪ್ರಭಾವವೂ ಸೇರಿಕೊಂಡಿದೆ. ಕುರುಕ್ಷೇತ್ರದ ವಸ್ತುವನ್ನೇ ಹೊಂದಿದ, ತಿರುಪತಿ ವೆಂಕಟ ಕವಿಗಳ ಪಾಂಡವೋದ್ಯೋಗ ನಾಟಕಗಳು ಗಡಿಯಾಚೆ ಅಷ್ಟೇ ಜನಪ್ರಿಯ.

ಮೇಜಿನ ಆಟಕ್ಕೂ ಬಯಲಿನ ಆಟಕ್ಕೂ ಇರುವ ನಂಟು

ನಗರದ ಯುವಜನರಿಗೆ ಪರಿಚಿತವಾದ ಇನ್ನೊಂದು ಪಾತ್ರಾಭಿನಯದ ಆಟವಿದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರ ಮೊದಲ ಮಾದರಿ. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಗೇಮ್ ಮಾಸ್ಟರ್ ಎನಿಸಿಕೊಂಡವನು ಕಥೆಯನ್ನು ನಡೆಸುತ್ತಾನೆ, ದಾಳ ಉರುಳಿಸಿ ಫಲಾಫಲ ನಿರ್ಧರಿಸುತ್ತಾರೆ. ವಾರಕ್ಕೊಮ್ಮೆ ಸೇರಿ ತಿಂಗಳುಗಟ್ಟಲೆ ಒಂದೇ ಕಥೆ ಆಡುವುದು ಅಲ್ಲಿನ ವಾಡಿಕೆ. ಬಹಳಷ್ಟು ಆಟಗಳು ನಿಂತುಹೋಗುವುದು ಕಥೆ ಸೊರಗಿದ್ದರಿಂದಲ್ಲ, ಎಲ್ಲರಿಗೂ ಒಪ್ಪುವ ದಿನ ಸಿಗದ ಕಾರಣಕ್ಕೆ.

ಹಳ್ಳಿಯ ನಾಟಕದ ಮೇಷ್ಟ್ರು ಎದುರಿಸುವ ತೊಡಕೂ ಇದೇ. ಎರಡರಲ್ಲೂ ಭಾಗವಹಿಸುವವರು ಸ್ವಂತ ಇಷ್ಟದಿಂದ ಬಂದವರು. ಅವರ ಮೇಲೆ ಅಧಿಕಾರ ಚಲಾಯಿಸಲಾಗದು. ಎರಡರಲ್ಲೂ ಒಬ್ಬನ ಗೈರುಹಾಜರಿ ಉಳಿದವರ ದಿನವನ್ನು ಹಾಳುಮಾಡುತ್ತದೆ. ವ್ಯತ್ಯಾಸವೂ ಉಂಟು. ಮೇಜಿನ ಆಟಕ್ಕೆ ಮುಗಿಯುವ ದಿನವಿಲ್ಲ, ನೋಡುಗರಿಲ್ಲ. ನಾಟಕಕ್ಕೆ ಊರೆಲ್ಲ ಸಾಕ್ಷಿಯಾಗುವ ನಿಗದಿತ ರಾತ್ರಿಯಿದೆ. ಆದ್ದರಿಂದಲೇ ಇಲ್ಲಿ ಯೋಜನೆಯ ಅಗತ್ಯ ಹೆಚ್ಚು.

ವ್ಯಾಪ್ತಿಯ ನಿರ್ಧಾರ

ಯೋಜನಾ ನಿರ್ವಹಣೆಯ ಮೊದಲ ಹೆಜ್ಜೆ ಕೆಲಸದ ವ್ಯಾಪ್ತಿಯನ್ನು ಗೊತ್ತುಪಡಿಸುವುದು. ಮೇಜಿನ ಆಟದವರು ಆಟಕ್ಕೆ ಮುನ್ನ ಒಂದು ದಿನ ಸೇರಿ, ಎಂತಹ ಕಥೆ, ಎಷ್ಟು ದಿನ, ಯಾವುದು ಸಲ್ಲದು ಎಂಬುದನ್ನು ಮಾತನಾಡಿಕೊಳ್ಳುತ್ತಾರೆ. ನಾಟಕದಲ್ಲಿ ಈ ಸ್ಥಾನ ಪಾತ್ರ ಹಂಚಿಕೆಯ ಸಭೆಗೆ ಸಲ್ಲುತ್ತದೆ. ವೀಳ್ಯ ಕೊಟ್ಟು ಮೇಷ್ಟ್ರನ್ನು ಒಪ್ಪಿಸಿದ ಬಳಿಕ, ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಅಂಗಳದಲ್ಲೋ ಯಾರಿಗೆ ದುರ್ಯೋಧನ, ಯಾರಿಗೆ ಕೃಷ್ಣ ಎಂಬುದು ತೀರ್ಮಾನವಾಗುತ್ತದೆ.

ಪಾತ್ರಧಾರಿಗಳೇ ಪಾತ್ರಕ್ಕೆ ತಕ್ಕಂತೆ ಹಣ ಹಾಕುವ ಪದ್ಧತಿಯಿಂದ ಇಲ್ಲೊಂದು ವಿಶೇಷ ಸಮಸ್ಯೆ ಹುಟ್ಟುತ್ತದೆ. ಹಣ ಹಾಕುವವರು ಹೆಚ್ಚಾದಷ್ಟೂ ಖರ್ಚು ಹಗುರವಾಗುತ್ತದೆ. ಹಾಗಾಗಿ ಮೊದಲನೇ ಕೃಷ್ಣ, ಎರಡನೇ ಕೃಷ್ಣ ಎಂದು ಒಂದೇ ಪಾತ್ರವನ್ನು ಹಂಚುವುದುಂಟು. ಹಣ ಹಾಕಿದವನು ತನಗೂ ಹಾಡು ಬೇಕೆನ್ನುತ್ತಾನೆ. ಹತ್ತು ಪಾತ್ರಗಳಿಗೆ ಎರಡೆರಡು ಹಾಡು ಹೆಚ್ಚಾದರೆ 20 ಹಾಡು. ಒಂದಕ್ಕೆ ನಾಲ್ಕು ನಿಮಿಷವೆಂದರೂ 80 ನಿಮಿಷ. ಇದರ ಮೇಲೆ 'ಒನ್ಸ್ ಮೋರ್' ಕೂಗು, ಹಾರ ತುರಾಯಿ, ಗಣ್ಯರ ಭಾಷಣ. ಪರಿಣಾಮವಾಗಿ ಗದಾಯುದ್ಧದ ವೇಳೆಗೆ ಬೆಳಕು ಹರಿದು, ಭೀಮ ದುರ್ಯೋಧನರು ಖಾಲಿ ಬಯಲಿನ ಮುಂದೆ ಕಾದಾಡಬೇಕಾಗುತ್ತದೆ. ನಾಲ್ಕು ತಿಂಗಳು ಕಲಿತ ಪಾತ್ರಧಾರಿಗೆ ಇದಕ್ಕಿಂತ ದೊಡ್ಡ ನಿರಾಶೆಯಿಲ್ಲ.

ಪರಿಹಾರ ಸರಳ. ದೃಶ್ಯಗಳ ಪಟ್ಟಿ, ಪ್ರತಿ ದೃಶ್ಯದ ನಿಮಿಷ, ಪ್ರತಿ ಪಾತ್ರದ ಹಾಡುಗಳ ಸಂಖ್ಯೆಯನ್ನು ಮೊದಲ ಸಭೆಯಲ್ಲೇ ಬರೆದು ಎಲ್ಲರ ಒಪ್ಪಿಗೆ ಪಡೆಯಬೇಕು. ಆನಂತರ ಒಂದು ಹಾಡು ಸೇರಬೇಕಾದರೆ ಇನ್ನೊಂದು ಹಾಡು ಬಿಡಬೇಕೆಂಬ ನಿಯಮವಿರಬೇಕು. ಭಾಷಣಕ್ಕೂ ಇಷ್ಟೇ ನಿಮಿಷವೆಂಬ ಮಿತಿ ಕರಪತ್ರ ಅಚ್ಚಾಗುವ ಮುನ್ನವೇ ಗೊತ್ತಾಗಿರಬೇಕು.

ಕಾಲದ ಲೆಕ್ಕ

ಕೆಲಸಗಳನ್ನು ಅಡ್ಡಪಟ್ಟಿಗಳಾಗಿ ಬರೆದು ಕಾಲವನ್ನು ತೋರಿಸುವ ನಕ್ಷೆಯನ್ನು 1910ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್. 1957ರ ಸುಮಾರಿಗೆ ಡುಪಾಂಟ್ ಕಂಪನಿಯಲ್ಲಿ ನಿರ್ಣಾಯಕ ಪಥದ ವಿಧಾನವೂ, 1958ರಲ್ಲಿ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ಪರ್ಟ್ ವಿಧಾನವೂ ರೂಪುಗೊಂಡವು.

ಪರ್ಟ್ ವಿಧಾನದಲ್ಲಿ ಒಂದು ಕೆಲಸಕ್ಕೆ ಮೂರು ಅಂದಾಜು ಬೇಕು: ಎಲ್ಲವೂ ಸುಸೂತ್ರವಾದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲವೂ ಕೆಟ್ಟರೆ ಎಷ್ಟು. ಸಾಮಾನ್ಯ ಅಂದಾಜನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಉದಾಹರಣೆಗೆ, ಪಾತ್ರಧಾರಿಗಳು ಹಾಡು ಮಾತುಗಳನ್ನು ಕಲಿಯಲು ಬೇಗನೆ ಎಂದರೆ 6 ವಾರ, ಸಾಮಾನ್ಯವಾಗಿ 8 ವಾರ, ತಡವಾದರೆ 16 ವಾರ ಎಂದಿಟ್ಟುಕೊಂಡರೆ ಉತ್ತರ 9 ವಾರ. ಆಯೋಜಕರು ಎಂಟು ವಾರವೆಂದು ನಂಬಿ ದಿನ ಗೊತ್ತುಮಾಡಿದರೆ ಆರಂಭದಲ್ಲೇ ಒಂದು ವಾರ ಹಿಂದೆ ಬಿದ್ದಂತೆ.

ಈಗ ಒಂದರ ಹಿಂದೊಂದು ನಡೆಯಲೇಬೇಕಾದ ಕೆಲಸಗಳನ್ನು ಜೋಡಿಸಬಹುದು. ಪಾತ್ರ ಹಂಚಿಕೆಗೆ 2 ವಾರ, ಕಲಿಕೆಗೆ 9 ವಾರ, ಎಲ್ಲರೂ ಕೂಡಿ ಮಾಡುವ ತಾಲೀಮಿಗೆ 4 ವಾರ, ಟ್ರಯಲ್ ನಾಟಕ ಮತ್ತು ತಿದ್ದುಪಡಿಗೆ 1 ವಾರ; ಒಟ್ಟು 16 ವಾರ. ಇದೇ ನಿರ್ಣಾಯಕ ಪಥ. ಇದರಲ್ಲಿ ಯಾವುದು ತಡವಾದರೂ ನಾಟಕವೇ ತಡ. ಸೀನರಿ, ಶಾಮಿಯಾನ, ಧ್ವನಿವರ್ಧಕ, ಕರಪತ್ರ, ಪರವಾನಗಿಗಳು ಇದರ ಪಕ್ಕದಲ್ಲೇ ಸಾಗುವ ಕೆಲಸಗಳು. ಅವುಗಳಿಗೆ ಒಂದಿಷ್ಟು ಬಿಡುವಿದೆ. ಆದರೆ ಹಲವು ಊರುಗಳಲ್ಲಿ ಒಂದೇ ವಾರ ನಾಟಕವಿರುವ ಕಾಲದಲ್ಲಿ ಸೀನರಿಯವರನ್ನೂ ಸ್ತ್ರೀಪಾತ್ರಗಳಿಗೆ ಹೊರಗಿನಿಂದ ಬರುವ ಕಲಾವಿದೆಯರನ್ನೂ ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಈ ಬಿಡುವೂ ಕರಗುತ್ತದೆ.

ಯುಗಾದಿಗೆ ಆಡಬೇಕೆಂದರೆ ಹದಿನಾರು ವಾರ ಹಿಂದಕ್ಕೆ ಎಣಿಸಿದಾಗ ಡಿಸೆಂಬರ್ ಬರುತ್ತದೆ. ಆಗ ರಾಗಿ ಕಣದಲ್ಲಿರುತ್ತದೆ. ಸುಗ್ಗಿ ಮುಗಿಯಲೆಂದು ಕಾಯುತ್ತ ಫೆಬ್ರುವರಿಯಲ್ಲಿ ಆರಂಭಿಸಿದರೆ ಹಾಡುಗಳು ಅರ್ಧಂಬರ್ಧವಾಗುತ್ತವೆ. ಸುಗ್ಗಿಯ ವಾರಗಳಲ್ಲಿ ಪಾತ್ರ ಹಂಚಿಕೆ ಮುಗಿಸಿ, ಮಾತಿನ ಪ್ರತಿಗಳನ್ನು ಮನೆಗೆ ಕೊಟ್ಟು ಕಳುಹಿಸುವುದು ಜಾಣತನ.

ಊರು ಬಿಟ್ಟ ಪಾತ್ರಧಾರಿಗಳು

ಹಿಂದೆ ಪಾತ್ರಧಾರಿಗಳೆಲ್ಲ ಊರಿನಲ್ಲೇ ಇರುತ್ತಿದ್ದರು. ರಾತ್ರಿ ಊಟವಾದ ಮೇಲೆ ತಾಲೀಮು ಸಾಗುತ್ತಿತ್ತು. ಇಂದು ಅಭಿಮನ್ಯುವಿನ ವಯಸ್ಸಿನವರು ಬೆಂಗಳೂರಿನ ಕಾರ್ಖಾನೆಗಳಲ್ಲೋ ತುಮಕೂರಿನ ಅಂಗಡಿಗಳಲ್ಲೋ ಇರುತ್ತಾರೆ. ಹೆದ್ದಾರಿಯಲ್ಲಿರುವ ಶಿರಾ ಕಡೆಯವರಿಗೆ ಭಾನುವಾರ ಬಂದುಹೋಗುವುದು ಸುಲಭವಾದರೂ ಪಾವಗಡದ ಒಳಹಳ್ಳಿಗಳವರಿಗೆ ಅದು ಇಡೀ ದಿನದ ಪ್ರಯಾಣ.

ಇಲ್ಲಿ ಕೆಲಸ ವಿಂಗಡಣೆ ನೆರವಾಗುತ್ತದೆ. ಒಬ್ಬನೇ ಕಲಿಯಬಹುದಾದದ್ದು, ಇಬ್ಬರು ಸೇರಿ ಕಲಿಯಬೇಕಾದದ್ದು, ಎಲ್ಲರೂ ಸೇರಲೇಬೇಕಾದದ್ದು ಎಂದು ಮೂರು ಪಟ್ಟಿ ಮಾಡಬೇಕು. ಹಾಡಿನ ಧಾಟಿಯನ್ನು ಮೇಷ್ಟ್ರಿಂದ ಹಾಡಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡರೆ ಮೊದಲ ಪಟ್ಟಿಯ ಕೆಲಸ ಬೆಂಗಳೂರಿನ ಕೋಣೆಯಲ್ಲೇ ಆಗುತ್ತದೆ. ಕೃಷ್ಣ ಮತ್ತು ಕರ್ಣರ ಭೇಟಿಯಂತಹ ದೃಶ್ಯಕ್ಕೆ ಆ ಇಬ್ಬರು ಬಂದರೆ ಸಾಕು. ಕೌರವನ ಒಡ್ಡೋಲಗಕ್ಕೆ ಮಾತ್ರ ಇಡೀ ತಂಡ ಬೇಕು. ಭಾನುವಾರಗಳನ್ನು ಈ ಮೂರನೇ ಪಟ್ಟಿಗೆ ಮೀಸಲಿಟ್ಟರೆ ಬಂದವರು ಸುಮ್ಮನೆ ಕುಳಿತು ಬೇಸರಪಡುವುದು ತಪ್ಪುತ್ತದೆ.

ತಡವಾದ ಯೋಜನೆಗೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಕಂಪ್ಯೂಟರ್ ತಜ್ಞ ಫ್ರೆಡ್ರಿಕ್ ಬ್ರೂಕ್ಸ್ 1975ರ ತಮ್ಮ 'ದಿ ಮಿಥಿಕಲ್ ಮ್ಯಾನ್-ಮಂತ್' ಕೃತಿಯಲ್ಲಿ ಪ್ರತಿಪಾದಿಸಿದರು. ಕೊನೆಯ ತಿಂಗಳಲ್ಲಿ ಹೊಸ ಶಕುನಿಯನ್ನು ತಂದ ಆಯೋಜಕರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಅವನಿಗೆ ಕಲಿಸಲು ಮೇಷ್ಟ್ರು ಉಳಿದವರನ್ನು ಬಿಡಬೇಕಾಗುತ್ತದೆ. ಮುಖ್ಯ ಪಾತ್ರಗಳಿಗೆ ಆರಂಭದಿಂದಲೇ ಒಬ್ಬ ಬದಲಿ ಕಲಿಯುತ್ತಿರುವುದು ಮೇಲು. ಸಣ್ಣ ಪಾತ್ರದವರೇ ಇದಕ್ಕೆ ಸೂಕ್ತ. ಅವರು ಹೇಗೂ ತಾಲೀಮಿನಲ್ಲಿರುತ್ತಾರೆ.

ಹಣಕಾಸು

ವರಮಾನದ ಮೂಲಗಳು ಮೂರು: ಪಾತ್ರದ ಹಣ, ಊರಿನ ವಂತಿಗೆ, ದಾನಿಗಳ ಕೊಡುಗೆ. ಖರ್ಚಿನ ಬಾಬುಗಳು ಅದಕ್ಕಿಂತ ಹೆಚ್ಚು: ಮೇಷ್ಟ್ರ ಸಂಭಾವನೆ, ತಬಲ ಮತ್ತು ಕೀಬೋರ್ಡಿನವರು, ಕಲಾವಿದೆಯರು, ಸೀನರಿ ಮತ್ತು ವೇಷಭೂಷಣ, ದೀಪ, ಮೈಕು, ಅಚ್ಚು, ಊಟ. ತೊಡಕಿರುವುದು ಹಣ ಬರುವ ಮತ್ತು ಹೋಗುವ ಕಾಲದಲ್ಲಿ. ಮುಂಗಡಗಳನ್ನು ಮೊದಲೇ ಕೊಡಬೇಕು. ದಾನಿಗಳ ಹಣ ಬರುವುದು ಕೊನೆಗೆ. ನಡುವಿನ ತಿಂಗಳುಗಳಲ್ಲಿ ಮುಂದೆ ನಿಂತವನು ಕೈಸಾಲ ಮಾಡುತ್ತಾನೆ. ಮಾತು ಕೊಟ್ಟವರು ಹಿಂದೆ ಸರಿದರೆ ಆ ಸಾಲ ಅವನ ಮನೆಯ ಮೇಲೆ ಬೀಳುತ್ತದೆ.

ಪಾತ್ರದ ಹಣವನ್ನು ಮೂರು ಕಂತುಗಳಲ್ಲಿ, ಪಾತ್ರ ಹಂಚಿಕೆಯ ದಿನ, ಕೂಡು ತಾಲೀಮಿನ ಮೊದಲ ದಿನ ಮತ್ತು ಟ್ರಯಲ್ ದಿನ ವಸೂಲು ಮಾಡುವುದು ಕ್ಷೇಮ. ಒಟ್ಟು ಅಂದಾಜಿನಲ್ಲಿ ಹತ್ತರಲ್ಲೊಂದು ಪಾಲನ್ನು ಅನಿರೀಕ್ಷಿತ ಖರ್ಚಿಗೆ ತೆಗೆದಿಡಬೇಕು. ಲೆಕ್ಕದ ಪುಸ್ತಕ ಹಣ ವಸೂಲು ಮಾಡುವವನ ಕೈಯಲ್ಲಿರದೆ ಇನ್ನೊಬ್ಬನ ಬಳಿ ಇರಬೇಕು.

ಅಪಾಯಗಳ ಪಟ್ಟಿ

ಏನು ಕೆಡಬಹುದು, ಕೆಡುವ ಸಂಭವವೆಷ್ಟು, ಕೆಟ್ಟರೆ ಹಾನಿಯೆಷ್ಟು, ಆಗ ಯಾರು ಏನು ಮಾಡಬೇಕು ಎಂದು ನಾಲ್ಕು ಕಾಲಂಗಳಲ್ಲಿ ಬರೆಯುವುದು ಯೋಜನಾ ನಿರ್ವಹಣೆಯ ರೂಢಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ, ವಿದ್ಯುತ್ ಕಡಿತ, ಮೇಷ್ಟ್ರ ಅನಾರೋಗ್ಯ, ಪಾತ್ರಧಾರಿಯ ಮನೆಯಲ್ಲಿ ಸೂತಕ, ಚುನಾವಣೆಯ ನೀತಿಸಂಹಿತೆ, ಎಸ್ಸೆಸ್ಸೆಲ್ಸಿ ಪರೀಕ್ಷೆ, ಇವೆಲ್ಲ ಪಟ್ಟಿಗೆ ಸೇರಬೇಕು. ಸೂತಕದಂತಹ ಸಂಗತಿಗೆ ಬದಲಿ ಪಾತ್ರಧಾರಿಯೋ, ದಿನ ಮುಂದೂಡುವುದೋ ಎಂಬ ತೀರ್ಮಾನ ದುಃಖದ ಹೊತ್ತಿನಲ್ಲಿ ಆಗದೆ ಮೊದಲೇ ಆಗಿದ್ದರೆ ಮನಸ್ತಾಪ ಉಳಿಯದು.

ಕಾನೂನಿನ ತೊಡಕು ಇವೆಲ್ಲಕ್ಕಿಂತ ಖಚಿತವಾದದ್ದು. ಕೇಂದ್ರದ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ನೀಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ಸುಪ್ರೀಂ ಕೋರ್ಟ್ 2005ರ ತೀರ್ಪಿನಲ್ಲಿ ಈ ನಿರ್ಬಂಧಗಳನ್ನು ಎತ್ತಿಹಿಡಿಯಿತು. ಬೆಳಗಿನವರೆಗೆ ಆಡುವುದನ್ನೇ ಜೀವವಾಗಿಸಿಕೊಂಡ ಕಲೆಗೆ ಇದು ಸಣ್ಣ ಪ್ರಶ್ನೆಯಲ್ಲ. ಸಂಜೆ ಬೇಗನೆ ಆರಂಭಿಸುವುದು, ದೃಶ್ಯಗಳನ್ನು ಕತ್ತರಿಸುವುದು, ಅಥವಾ ಹಗಲಿನಲ್ಲಿ ಆಡುವುದು ಉಳಿದಿರುವ ದಾರಿಗಳು. ಯಾವುದನ್ನು ಆರಿಸಿಕೊಂಡರೂ ಅದು ಮೊದಲ ಸಭೆಯಲ್ಲೇ ಗೊತ್ತಾಗಬೇಕು. ಅರ್ಧ ನಾಟಕದಲ್ಲಿ ಮೈಕು ನಿಂತಾಗಲ್ಲ.

ಮೇಷ್ಟ್ರ ಸ್ಥಾನ

ಹಾರ್ಮೋನಿಯಂ ಮುಂದೆ ಕುಳಿತ ಮೇಷ್ಟ್ರು ಗುರು, ನಿರ್ದೇಶಕ ಮತ್ತು ಕಾಲಪಾಲಕ. ಪಾತ್ರಧಾರಿ ಹಾಡು ಮರೆತರೆ ಶ್ರುತಿ ಹಿಡಿದು ದಾರಿ ತೋರುವವರು, ದೃಶ್ಯ ಎಳೆದರೆ ಮುಗಿಸುವ ಸೂಚನೆ ನೀಡುವವರು ಅವರೇ. ಮೂಡಲಪಾಯದ ಭಾಗವತನ ಹೊಣೆ ಇನ್ನೂ ಹೆಚ್ಚು. ಕಥೆಯನ್ನು ನಡೆಸುವ ಭಾಗವತನ ಕೆಲಸ ಗೇಮ್ ಮಾಸ್ಟರನ ಕೆಲಸಕ್ಕೆ ಹತ್ತಿರ.

ಆದರೆ ಎಲ್ಲ ತಿಳಿವಳಿಕೆ ಒಬ್ಬರ ತಲೆಯಲ್ಲಿರುವುದು ಯಾವ ಯೋಜನೆಗೂ ಅಪಾಯವೇ. ಹಣ, ಪರವಾನಗಿ, ಊಟದ ಹೊಣೆಗಳನ್ನು ಬೇರೆಯವರು ಹೊತ್ತು ಮೇಷ್ಟ್ರನ್ನು ಕಲಿಸುವ ಕೆಲಸಕ್ಕೆ ಬಿಡಬೇಕು. ಅವರ ಧಾಟಿಗಳು ಟಿಪ್ಪಣಿ ಪುಸ್ತಕಕ್ಕೂ ಧ್ವನಿಮುದ್ರಣಕ್ಕೂ ಇಳಿಯಬೇಕು. ಒಬ್ಬ ಮೇಷ್ಟ್ರು ಇಲ್ಲವಾದಾಗ ಒಂದು ನಾಟಕವಷ್ಟೇ ಅಲ್ಲ, ಸುತ್ತಲಿನ ಹಲವು ಹಳ್ಳಿಗಳ ಹಾಡಿನ ಭಂಡಾರವೇ ಇಲ್ಲವಾಗುತ್ತದೆ.

ಮುಕ್ತಾಯದ ಸಭೆ

ನಾಟಕ ಮುಗಿದ ವಾರದೊಳಗೆ ಎಲ್ಲರೂ ಮತ್ತೆ ಸೇರುವುದು ಕೊನೆಯ ಹೆಜ್ಜೆ. ಲೆಕ್ಕವನ್ನು ಊರಿನವರ ಮುಂದೆ ಓದಿ ಒಪ್ಪಿಸಬೇಕು, ಬಾಕಿಗಳನ್ನು ತೀರಿಸಬೇಕು, ಯಾವ ದೃಶ್ಯ ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ತಡವಾಯಿತು ಎಂಬುದನ್ನು ಬರೆದಿಡಬೇಕು. ಮುಂದಿನ ಸಲದ ಅಂದಾಜಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗದು. ಲೆಕ್ಕ ಚೊಕ್ಕವಾಗಿ ಮುಗಿದ ಊರಿನಲ್ಲಿ ಮರುವರ್ಷ ಪಾತ್ರ ಹಂಚಿಕೆಯ ಸಭೆಗೆ ಜನ ತಾವಾಗಿಯೇ ಬರುತ್ತಾರೆ. ಲೆಕ್ಕ ಉಳಿದ ಊರಿನಲ್ಲಿ ಹಾರ್ಮೋನಿಯಂ ಸದ್ದು ಮತ್ತೆ ಕೇಳಲು ವರ್ಷಗಳೇ ಬೇಕಾಗುತ್ತವೆ.