ಸಂದರ್ಶಕರ ಮರ್ಜಿಗೆ ಬಿದ್ದ ಮೂಗುದಾರ

1922ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹಾಲಿಂಗ್‌ವರ್ತ್ ಒಂದು ಲೆಕ್ಕವನ್ನು ಜಗತ್ತಿನ ಮುಂದಿಟ್ಟರು. ಮಾರಾಟದ ಕೆಲಸ ಕೇಳಿ ಬಂದಿದ್ದ 57 ಮಂದಿಯನ್ನು ನುರಿತ 12 ಮ್ಯಾನೇಜರುಗಳು ಮಾತಾಡಿಸಿ ಯಾರು ಮೇಲು, ಯಾರು ಕೆಳಗೆ ಎಂದು ಪಟ್ಟಿ ಮಾಡಿದ್ದರು. ಒಬ್ಬರ ಪಟ್ಟಿಗೂ ಇನ್ನೊಬ್ಬರದಕ್ಕೂ ತಾಳೆಯೇ ಆಗಲಿಲ್ಲ. ‘ಮುಖ ನೋಡಿದರೆ ಗೊತ್ತಾಗುತ್ತೆ ಬಿಡಿ’ ಎನ್ನುವ ಯಜಮಾನಿಕೆಯ ಮಾತಿಗೆ ಬಿದ್ದ ಮೊದಮೊದಲ ಪೆಟ್ಟುಗಳಲ್ಲಿ ಇದೂ ಒಂದು. ಆಮೇಲಿನ ನೂರು ವರ್ಷಗಳಲ್ಲಿ ಸಂದರ್ಶನ ಎಷ್ಟೋ ಬಗೆಯಾಯಿತು. ಎಲ್ಲದರ ಹಿಂದೆಯೂ ಇದ್ದದ್ದು ಒಂದೇ ಚಿಂತೆ: ಕೇಳುವವರ ಮರ್ಜಿಗೆ ಮೂಗುದಾರ ಹಾಕುವುದು ಹೇಗೆ?

ಇದಕ್ಕೂ ತುಸು ಮೊದಲೇ, ಕೆಲಸ ಕೇಳಿ ಬಂದವರಿಗಾಗಿ ಎಡಿಸನ್ ಹುಡುಕಿದ್ದ ದಾರಿ ಪ್ರಶ್ನೆಪತ್ರಿಕೆ. ಸುಮಾರು ನೂರೈವತ್ತು ಪ್ರಶ್ನೆಗಳ ಆ ಪಟ್ಟಿ 1921ರಲ್ಲಿ ಪತ್ರಿಕೆಗಳಿಗೆ ಸಿಕ್ಕಿ ದೊಡ್ಡ ಗುಲ್ಲಾಯಿತು. ಬಾಸ್ಟನ್‌ಗೆ ಬಂದಿದ್ದ ಐನ್‌ಸ್ಟೈನ್‌ಗೆ ಅದರಲ್ಲೊಂದನ್ನು, ಶಬ್ದದ ವೇಗವೆಷ್ಟು ಎಂದು, ಕೇಳಿದಾಗ ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂದುಬಿಟ್ಟರು. ಮ್ಯಾನ್‌ಹೋಲ್ ಮುಚ್ಚಳ ಏಕೆ ದುಂಡಗಿದೆ ಎಂದು ಕೇಳುತ್ತಿದ್ದ ಸಾಫ್ಟ್‌ವೇರ್ ಕಂಪನಿಗಳು ಈ ಎಡಿಸನ್‌ನ ಮೊಮ್ಮಕ್ಕಳು. ಇಂಥ ಒಗಟುಗಳಿಂದ ಕಾಲಹರಣವಲ್ಲದೆ ಬೇರೇನೂ ಇಲ್ಲ ಎಂದು ಗೂಗಲ್‌ನ ಮಾನವ ಸಂಪನ್ಮೂಲ ಮುಖ್ಯಸ್ಥರಾಗಿದ್ದ ಲಾಜ್ಲೊ ಬಾಕ್ 2013ರಲ್ಲಿ ಒಪ್ಪಿಕೊಂಡರು.

ಎರಡನೇ ಮಹಾಯುದ್ಧ ಇನ್ನೊಂದು ಬಗೆಯನ್ನು ಹುಟ್ಟುಹಾಕಿತು. 1942ರಲ್ಲಿ ಬ್ರಿಟನ್ನಿನಲ್ಲೂ ಮರುವರ್ಷ ಭಾರತದಲ್ಲೂ ಶುರುವಾದ ಆಯ್ಕೆ ಮಂಡಳಿಯೇ ಸೇನಾಧಿಕಾರಿಗಳನ್ನು ಆರಿಸುವ ಇಂದಿನ ಎಸ್‌ಎಸ್‌ಬಿಯ ಮೂಲ. ಬೆಂಗಳೂರಿನ ಕೇಂದ್ರಕ್ಕೆ ಟ್ರಂಕು ಹಿಡಿದು ಬರುವ ಹುಡುಗರನ್ನು ಐದು ದಿನ ಮೂವರು ಮೂರು ಕಡೆಯಿಂದ ನೋಡುತ್ತಾರೆ: ಮನಶ್ಶಾಸ್ತ್ರಜ್ಞ, ಗುಂಪು ಚಟುವಟಿಕೆ ನಡೆಸುವ ಅಧಿಕಾರಿ, ಸಂದರ್ಶಕ. ಪರದೆಯ ಮೇಲೆ 60 ಪದಗಳು, ಒಂದೊಂದಕ್ಕೆ 15 ಸೆಕೆಂಡು, ಹೊಳೆದದ್ದನ್ನು ಬರೆಯಬೇಕು. ಕೋಚಿಂಗ್‌ನಲ್ಲಿ ಉರು ಹೊಡೆದ ವಾಕ್ಯಗಳು ಇಪ್ಪತ್ತು ಮೂವತ್ತು ಪದಗಳ ಹೊತ್ತಿಗೆ ಮುಗಿದಿರುತ್ತವೆ. ಆಮೇಲೆ ಬರೆಯುವವನು ನಿಜವಾದ ಅಭ್ಯರ್ಥಿ.

ಸರ್ಕಾರಿ ಸಂದರ್ಶನಕ್ಕೆ ಲಗಾಮು ಹಾಕಿದ್ದು ನ್ಯಾಯಾಲಯಗಳು. ಮೈಸೂರು ರಾಜ್ಯ ವೃತ್ತಿ ಶಿಕ್ಷಣದ ಪ್ರವೇಶಕ್ಕೆ ಸಂದರ್ಶನದ ಅಂಕ ಸೇರಿಸಿದ್ದನ್ನು ಸುಪ್ರೀಂ ಕೋರ್ಟ್ 1964ರಲ್ಲಿ, ಚಿತ್ರಲೇಖಾ ಪ್ರಕರಣದಲ್ಲಿ, ಎತ್ತಿಹಿಡಿದಿತ್ತು. ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರಕರಣ ಬರುವ ಹೊತ್ತಿಗೆ ಸುಪ್ರೀಂ ಕೋರ್ಟಿನ ಧಾಟಿ ಬದಲಾಗಿತ್ತು. ಎರಡು ಮೂರು ನಿಮಿಷದಲ್ಲಿ ಅಪ್ಪ ಯಾರು, ಊರು ಯಾವುದು ಎಂದು ಕೇಳಿ ಕಳಿಸಿದರೆಂಬ ದೂರು ಅಲ್ಲಿತ್ತು. ಮೂರನೇ ಒಂದು ಪಾಲು ಅಂಕ ಅತಿಯಾಯಿತು, ಶೇ 15 ಮೀರಬಾರದು ಎಂದಿತು ಕೋರ್ಟು. 2016ರಿಂದ ಕೇಂದ್ರದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವೇ ಇಲ್ಲ. ನಮ್ಮ ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಆಯ್ಕೆಯಲ್ಲಿ ಹಿಂದೆ 200 ಇದ್ದ ವ್ಯಕ್ತಿತ್ವ ಪರೀಕ್ಷೆಯ ಅಂಕ 25ಕ್ಕೆ ಇಳಿದಿದೆ. ಏಕೆ ಇಳಿಯಿತೆಂದು ಪತ್ರಿಕೆ ಓದುವ ಕನ್ನಡಿಗರಿಗೆ ವಿವರಿಸಬೇಕಿಲ್ಲ.

ಖಾಸಗಿ ವಲಯದಲ್ಲಿ ತಿರುವು ಬಂದದ್ದು 1980ರ ಆಸುಪಾಸಿನಲ್ಲಿ. ‘ಹೀಗಾದರೆ ಏನು ಮಾಡುತ್ತೀರಿ?’ ಎಂಬ ಸನ್ನಿವೇಶದ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞ ಲೇಥಮ್ ಮತ್ತು ಸಂಗಡಿಗರು ರೂಪಿಸಿದರೆ, ‘ಹೀಗಾದಾಗ ಏನು ಮಾಡಿದಿರಿ?’ ಎಂಬುದನ್ನು ಜಾನ್ಸ್ ಮುಂದೆ ತಂದರು. ಎಲ್ಲರಿಗೂ ಅದೇ ಪ್ರಶ್ನೆ, ಅಂಕಕ್ಕೆ ಅದೇ ಅಳತೆ. 2022ರಲ್ಲಿ ಸಂಶೋಧಕ ಸ್ಯಾಕೆಟ್ ಅವರ ತಂಡ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಜಾಲಾಡಿದಾಗ ಕೆಲಸದ ಸಾಮರ್ಥ್ಯವನ್ನು ಮುಂಗಾಣುವುದರಲ್ಲಿ ಮೊದಲು ನಿಂತದ್ದು ಈ ಕಟ್ಟುನಿಟ್ಟಿನ ಸಂದರ್ಶನ. ಹರಟೆಯಂತೆ ಸಾಗುವ ಸಂದರ್ಶನದ ಅಂಕ ಇದರ ಅರ್ಧಕ್ಕೂ ಕಡಿಮೆ.

ಕಟ್ಟುನಿಟ್ಟಿನ ಸಂದರ್ಶನದಲ್ಲಿ ‘ಸಹೋದ್ಯೋಗಿಯ ಜೊತೆ ಮನಸ್ತಾಪವಾದಾಗ ಏನು ಮಾಡಿದಿರಿ?’ ಎಂಬ ಪ್ರಶ್ನೆಗೆ ‘ನಾನು ಎಲ್ಲರೊಂದಿಗೂ ಹೊಂದಿಕೊಂಡು ಹೋಗುತ್ತೇನೆ ಸರ್’ ಎಂದರೆ ಸಂದರ್ಶಕರಿಗೆ ಬರೆದುಕೊಳ್ಳಲು ಏನೂ ಇರುವುದಿಲ್ಲ. ‘ಸ್ಟಾಕ್ ಲೆಕ್ಕದಲ್ಲಿ ಇಬ್ಬರಿಗೂ ತಕರಾರಿತ್ತು, ಸಂಜೆ ಇಬ್ಬರೂ ಗೋಡೌನಿಗೆ ಹೋಗಿ ಮೂಟೆ ಎಣಿಸಿದೆವು, ತಪ್ಪು ನನ್ನದೇ ಆಗಿತ್ತು’ ಎಂದು ನೋಡಿ. ಪೆನ್ನು ಓಡತೊಡಗುತ್ತದೆ. ಇಂಥ ನಾಲ್ಕೈದು ಸಂಗತಿಗಳನ್ನು ನೆನಪಿನಿಂದ ಕೆದಕಿ ಇಟ್ಟುಕೊಂಡರೆ ಸಾಕು, ಇಂಗ್ಲಿಷಿನ ಗಿಣಿಪಾಠ ಬೇಡ. ಹರಟೆ ಸಂದರ್ಶನದಲ್ಲೂ ಇವೇ ಕೈಹಿಡಿಯುತ್ತವೆ. ಕೇಳದಿದ್ದರೂ ನೀವೇ ಹೇಳಬಹುದು. ಸಾಫ್ಟ್‌ವೇರ್ ಕೆಲಸದ ಕೋಡಿಂಗ್ ಸುತ್ತಿನಲ್ಲಿ ಮಾತ್ರ ಸುಮ್ಮನೆ ಕೂತು ಬರೆಯಬೇಡಿ, ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ.

ಈಗೀಗ ಎದುರಿಗೆ ಮನುಷ್ಯರೇ ಇಲ್ಲದ, ಕ್ಯಾಮೆರಾಕ್ಕೆ ಉತ್ತರ ಹೇಳಿ ಕಳಿಸುವ ಸಂದರ್ಶನವೂ ಬಂದಿದೆ. ತಲೆಯಾಡಿಸುವವರಿಲ್ಲದೆ ಮಾತಾಡುವುದು ಎಂಥವರಿಗೂ ಕಷ್ಟ. ಮೊಬೈಲಿನಲ್ಲಿ ಒಮ್ಮೆ ರೆಕಾರ್ಡ್ ಮಾಡಿ ನೋಡಿಕೊಳ್ಳಿ. ಕರೆ ಬಂದಾಗ ಸಮಯ, ವಿಳಾಸ ಮಾತ್ರ ಬರೆದುಕೊಂಡು ಫೋನ್ ಇಡಬೇಡಿ. ಎಂಥ ಸುತ್ತು, ಎಷ್ಟು ಜನ ಕೂರುತ್ತಾರೆ ಎಂದೂ ಕೇಳಿ. ಕೇಳಿದರೆ ಸಾಮಾನ್ಯವಾಗಿ ಹೇಳುತ್ತಾರೆ.