ನಾಲೆಯ ಸೀಮೆಯಲ್ಲಿ ಒಂದು ವಿದ್ಯಾಕ್ಷೇತ್ರ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಪ್ರಯಾಣಿಕರು ಮದ್ದೂರನ್ನು ದಾಟಿ ಹನಕೆರೆಯ ನಿಲ್ದಾಣವನ್ನು ಸಮೀಪಿಸುವಾಗ, ಬೇಸಗೆಯ ಮೊದಲ ದಿನಗಳಾದರೂ ಹಸುರು ಗದ್ದೆಗಳನ್ನು ಕಂಡು ಸಂತೋಷಪಡುವುದುಂಟು. ಊರಿನ ಹೆಸರಿನಲ್ಲಿ ಕೆರೆಯಿದೆ. ಸೀಮೆಯ ಹಸುರಿಗೆ ಕಾರಣವಾಗಿರುವುದು ನಾಲೆ. ಫಾಲ್ಗುಣ ಕಳೆದು ಚೈತ್ರ ಬರುವ ಹೊತ್ತಿಗೆ ಇಲ್ಲಿ ಸುದ್ದಿಯೆಂದರೆ ಒಂದೇ: ಕನ್ನಂಬಾಡಿಯಲ್ಲಿ ನೀರೆಷ್ಟಿದೆ, ಬೇಸಗೆಯ ಬೆಳೆಗೆ ಎಷ್ಟು ಕಟ್ಟು ನೀರು ಬಿಡುವರು? ಈ ಪ್ರಶ್ನೆ ರೈತನ ಜಗಲಿಯಲ್ಲಿ ಹೇಗೋ ಹಾಗೆಯೇ ಮಂಡ್ಯದ ವಿ.ಸಿ. ಫಾರಮ್ಮಿನ ಕೃಷಿ ಮಹಾವಿದ್ಯಾಲಯದಲ್ಲಿಯೂ ಕೇಳಿಬರುತ್ತದೆ. ಅದು ಅಲ್ಲಿ ಹೇಗೆ ಬಂದು ಸೇರಿತೆಂಬುದೇ ಈ ಭಾಷಣದ ವಿಷಯ.

ಕೃಷ್ಣರಾಜಸಾಗರದ ನೀರನ್ನು ಹುಲಿಕೆರೆಯ ಬಳಿ ಗುಡ್ಡದೊಳಗಿನ ಸುರಂಗದ ಮೂಲಕ ಮಂಡ್ಯದ ಕಡೆಗೆ ತಂದ ನಾಲೆಗೆ ಮೊದಲು ಇರ್ವಿನ್ ನಾಲೆಯೆಂದು ಹೆಸರಿತ್ತು; ಅದೇ ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಸುಮಾರು 1,20,000 ಎಕರೆಗೆ ನೀರುಣಿಸಬೇಕೆಂಬುದು ಅಂದಿನ ಸಂಕಲ್ಪ. ನೀರು ಬಂದ ಮಾತ್ರಕ್ಕೆ ಬೇಸಾಯ ಬಂದಂತಾಗುವುದಿಲ್ಲವಷ್ಟೆ! ತಲೆತಲಾಂತರದಿಂದ ಮಳೆಯನ್ನು ನಂಬಿ ರಾಗಿ ಬೆಳೆದವರು ಕಬ್ಬು ಭತ್ತಗಳ ನೀರಿನ ಲೆಕ್ಕವನ್ನು ಕಲಿಯಬೇಕಾಗಿತ್ತು. ನಾಲೆಯ ಹಿಂದೆಯೇ ಬಂದ ಮಲೇರಿಯಾ ಜ್ವರವನ್ನು ಎದುರಿಸುವುದೂ ಆ ಪಾಠದ ಭಾಗವೇ ಆಯಿತು. 1931ರಲ್ಲಿ ಇರ್ವಿನ್ ನಾಲಾ ಕ್ಷೇತ್ರವು ಸ್ಥಾಪಿತವಾದುದು ಇಂತಹ ಸಂದರ್ಭದಲ್ಲಿ. ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಆಗ ಸಂಸ್ಥಾನದ ವ್ಯವಸಾಯ ಇಲಾಖೆಯ ಮುಖ್ಯಸ್ಥರು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಹುಟ್ಟುವುದಕ್ಕೂ ಅವರ ಶ್ರಮ ಕಾರಣ.

ವಿಶ್ವೇಶ್ವರಯ್ಯನವರ ‘ಬ್ಲಾಕ್’ ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಭೂಮಿಯನ್ನು ಮೂರು ಭಾಗ ಮಾಡಿ, ಒಂದರಲ್ಲಿ ಭತ್ತ, ಒಂದರಲ್ಲಿ ಕಬ್ಬು, ಮತ್ತೊಂದರಲ್ಲಿ ರಾಗಿಯಂತಹ ಅರೆನೀರಾವರಿ ಬೆಳೆಯನ್ನು ಸರದಿಯ ಮೇಲೆ ಇಡುವುದು ಅದರ ಸಾರ. ಕಾಲಾಂತರದಲ್ಲಿ ಭತ್ತವೂ ಕಬ್ಬೂ ಮೂರನೆಯ ಭಾಗವನ್ನು ನುಂಗಿಬಿಟ್ಟವು. ರೈತನನ್ನು ಇದಕ್ಕಾಗಿ ದೂರುವುದು ನನಗೆ ಸರಿಯೆಂದು ತೋರುವುದಿಲ್ಲ. ಕಣ್ಣೆದುರಿಗೆ ಹರಿಯುವ ನೀರನ್ನೂ ಕೈಗೆ ಬರುವ ಹಣವನ್ನೂ ಯಾರು ಬಿಟ್ಟಾರು?

ಆದರೆ ಕ್ಷೇತ್ರವು ಮೂರನೆಯ ಭಾಗವನ್ನು ಮರೆಯಲಿಲ್ಲ. ನೀರಾವರಿಗಾಗಿ ಹುಟ್ಟಿದ ಈ ನೆಲದಲ್ಲಿಯೇ ಸಿ. ಎಚ್. ಲಕ್ಷ್ಮಣಯ್ಯನವರು ರಾಗಿಯ ಮೇಲೆ ತಮ್ಮ ಆಯುಸ್ಸನ್ನು ಸವೆಸಿದರು. ರಾಗಿಯ ಹೂವು ಬಹು ಸಣ್ಣದು. ಒಂದೇ ಹೂವಿನೊಳಗೆ ಗಂಡೂ ಹೆಣ್ಣೂ ಇದ್ದು ಪರಾಗಸ್ಪರ್ಶವು ತಾನಾಗಿಯೇ ಮುಗಿದುಹೋಗುವುದು. ಅದು ಅರಳುವುದಾದರೂ ರಾತ್ರಿಯ ಕೊನೆಯ ಜಾವದಲ್ಲಿ. ಅದಕ್ಕೆ ಪರತಳಿಯ ಪರಾಗವನ್ನು ಕೂಡಿಸಬೇಕೆನ್ನುವವನು ಲೋಕವು ಮಲಗಿರುವಾಗ ಹೊಲದಲ್ಲಿ ಎಚ್ಚತ್ತಿರಬೇಕು. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ, ಇಂಡಿಯಾ ಆಫ್ರಿಕಗಳ ಹೆಸರನ್ನೇ ಜೋಡಿಸಿದ ‘ಇಂಡಾಫ್’ ತಳಿಗಳನ್ನು ಹೊರತಂದರು. ನಾಲೆಯ ಮುಖವನ್ನೇ ಕಾಣದ ಒಣಸೀಮೆಯ ಹೊಲಗಳಿಗೂ ಆ ಬೀಜ ಹೋಯಿತು. 1993ರಲ್ಲಿ ತೀರಿಕೊಂಡ ಅವರನ್ನು ಜನರು ‘ರಾಗಿ ಲಕ್ಷ್ಮಣಯ್ಯ’ನೆಂದೇ ಕರೆದರು. ಬಿರುದುಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತಿಳಿಯದು.

ಹೆಬ್ಬಾಳದ ಚರಿತ್ರೆಯಲ್ಲಿಯೂ ಪ್ರಯೋಗವೇ ಮುಂದು, ಪಾಠವೇ ಹಿಂದು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆ ನೆಲದಲ್ಲಿ 1899ರಲ್ಲಿ ಪ್ರಯೋಗಕ್ಷೇತ್ರ, 1913ರಲ್ಲಿ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾನಿಲಯ. ಮಂಡ್ಯದ ಕ್ಷೇತ್ರವಂತೂ ಅರುವತ್ತು ವರ್ಷ ದುಡಿದ ಮೇಲೆ, 1991ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಮಹಾವಿದ್ಯಾಲಯವನ್ನು ಪಡೆಯಿತು. ಹೀಗಾಗಿ ವಿದ್ಯಾರ್ಥಿಗಳು ಬರುವ ಮೊದಲೇ ಅವರ ಪಠ್ಯವು ಗದ್ದೆಯಲ್ಲಿ ಬೆಳೆದು ನಿಂತಿದ್ದಿತು.

ಬೇಸಗೆಯ ಆರಂಭದಲ್ಲಿ ಈ ಪಠ್ಯವನ್ನು ನೋಡಬೇಕು. ಕ್ಷೇತ್ರದಲ್ಲಿ ಸಿದ್ಧವಾದ ಕೆ.ಆರ್.ಎಚ್.-2 ಎಂಬ ಸಂಕರ ಭತ್ತವು 1996ರಲ್ಲಿ ರೈತರಿಗೆ ಬಂದಿತು. ಇಂತಹ ಭತ್ತದ ಬೀಜವನ್ನು ಬೆಳೆಸುವುದಕ್ಕೆ ಮಳೆಯಿಲ್ಲದ ಈ ದಿನಗಳೇ ಅನುಕೂಲ. ಗಂಡು ಸಾಲು, ಹೆಣ್ಣು ಸಾಲುಗಳನ್ನು ಅಕ್ಕಪಕ್ಕದಲ್ಲಿ ನೆಟ್ಟು, ಹೂ ಬಿಟ್ಟಾಗ ಬೆಳಗಿನ ಬಿಸಿಲೇರಿದ ಹೊತ್ತಿನಲ್ಲಿ ಇಬ್ಬರು ಹಗ್ಗದ ಎರಡು ತುದಿಗಳನ್ನು ಹಿಡಿದು ತೆನೆಗಳ ಮೇಲೆ ಎಳೆಯುತ್ತ ನಡೆದರೆ, ಪರಾಗವು ಹೊಗೆಯಂತೆ ಎದ್ದು ಪಕ್ಕದ ಸಾಲಿಗೆ ಬೀಳುತ್ತದೆ. ನೋಡುವವರಿಗೆ ಮಕ್ಕಳಾಟ, ಹೊತ್ತು ತಪ್ಪಿದರೆ ಕಾಳು ಜೊಳ್ಳು.

ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಕೆಲವು ಕಾಲ ಹಳ್ಳಿಯಲ್ಲಿಯೇ ವಾಸಿಸುವ ನಿಯಮವಿದೆ. ಹಿಂದಿನ ಕಾಲದ ಸಾಹೇಬರು ಕುದುರೆಯಿಂದಿಳಿದು ಹೇಳಿದ ಬುದ್ಧಿಗಿಂತ, ಊರಿನವರೊಡನೆ ಉಂಡು ಕಲಿತ ಬುದ್ಧಿಗೆ ಬೆಲೆ ಹೆಚ್ಚು. ಕೃಷಿ ಪದವಿಯ ಸ್ಥಾನಗಳಲ್ಲಿ ರೈತರ ಮಕ್ಕಳಿಗೆ ಒಂದು ದೊಡ್ಡ ಪಾಲನ್ನು ಸರ್ಕಾರವು ಮೀಸಲಿಟ್ಟಿದೆ. ಅವರಲ್ಲಿ ಎಷ್ಟೋ ಮಂದಿ ಬ್ಯಾಂಕಿಗೋ ಇಲಾಖೆಗೋ ಹೋಗುವರೇ ಹೊರತು ನೇಗಿಲಿಗೆ ಮರಳುವುದಿಲ್ಲವೆಂಬ ಆಕ್ಷೇಪಣೆಯುಂಟು. ಬೆಳೆಯ ಬೆಲೆಯೂ ನೀರಿನ ಭರವಸೆಯೂ ಅವರನ್ನು ಕರೆಯದಿದ್ದರೆ, ವಿದ್ಯಾಲಯವೊಂದೇ ಏನು ಮಾಡೀತು?

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 124.80 ಅಡಿಗೆ ತುಂಬಬೇಕಾದ ಸಾಗರವು ತುಂಬಲಿಲ್ಲ. ಮುಂದಿನ ಬೇಸಗೆಯಲ್ಲಿ ನಾಲೆಯ ಸೀಮೆಯಲ್ಲಿಯೇ ಗದ್ದೆಗಳು ಬಿರುಕು ಬಿಟ್ಟವು. ಮರೆತುಹೋಗಿದ್ದ ಆ ಮೂರನೆಯ ಭಾಗದ ಮಾತು, ನೀರು ಕಡಮೆ ಬೇಡುವ ರಾಗಿಯ ಮಾತು, ಆಗ ಮತ್ತೆ ಅರ್ಥವುಳ್ಳದ್ದಾಯಿತು. ನೀರಾವರಿ ಸಲಹಾ ಸಮಿತಿಯು ಕಟ್ಟು ನೀರಿನ ವಿಷಯದಲ್ಲಿ ಮಾಡಿದ ತೀರ್ಮಾನವು ಪತ್ರಿಕೆಯಲ್ಲಿ ಬಂದ ದಿನ, ವಿದ್ಯಾರ್ಥಿನಿಲಯದಲ್ಲಿ ಅದನ್ನು ಓದುವ ರೈತರ ಮಕ್ಕಳಿಗೆ ಅದು ಮನೆಯ ಗದ್ದೆಯಿಂದ ಬಂದ ಕಾಗದವೂ ಹೌದು.