ಹಾರಿಸಿದ ತೋಟಾ ಕೇಸನ್ನು ಮತ್ತೆ ಅಳತೆಗೆ ತರುವುದು

ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ ಅಭ್ಯಾಸ ಮುಗಿದ ಮೇಲೆ ನೆಲದಿಂದ ಹಿತ್ತಾಳೆಯ ಖಾಲಿ ಕೇಸ್‌ಗಳನ್ನು ಆಯ್ದುಕೊಳ್ಳುವವರು ಕೆಲವರಾದರೂ ಇರುತ್ತಾರೆ. ನಾನೂ ಅವರಲ್ಲೊಬ್ಬ. ತೋಟಾ ಎಂಬುದು ಕೇಸ್, ಪ್ರೈಮರ್, ಮದ್ದು ಮತ್ತು ಗುಂಡು ಎಂಬ ನಾಲ್ಕು ಭಾಗಗಳ ಜೋಡಣೆ. ಹಾರಿಸಿದ ಮೇಲೆ ಮರುಬಳಕೆಗೆ ಒದಗುವುದು ಕೇಸ್ ಒಂದೇ. ಉಳಿದ ಮೂರನ್ನು ಹೊಸದಾಗಿ ತುಂಬಿ ಮನೆಯಲ್ಲೇ ತೋಟಾ ಸಿದ್ಧಪಡಿಸಿಕೊಳ್ಳುವುದನ್ನು ರೀಲೋಡಿಂಗ್ ಎನ್ನುತ್ತಾರೆ. ಹೊಸಬರ ಗಮನವೆಲ್ಲ ಮದ್ದಿನ ತೂಕದ ಮೇಲಿರುತ್ತದೆ, ಇರಲೇಬೇಕು. ಆದರೆ ಅದಕ್ಕೂ ಮೊದಲು ಉಬ್ಬಿದ ಕೇಸನ್ನು ಡೈಯೊಳಗೆ ಒತ್ತಿ ಅಳತೆಗೆ ತರುವ ಹಂತವೊಂದಿದೆ. ಅದು ಕೆಟ್ಟರೆ ತೂಕ ಸರಿಯಿದ್ದರೂ ತೋಟಾ ಅಪಾಯಕಾರಿಯಾಗಬಲ್ಲದು. ಈ ಬರಹ ಆ ಹಂತವನ್ನು ಕುರಿತದ್ದು.

ಕೇಸ್ ಏಕೆ ಉಬ್ಬುತ್ತದೆ

ಕೇಸ್‌ನ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತುವು ಇರುತ್ತದೆ. ಮದ್ದು ಉರಿದಾಗ ಏಳುವ ಒತ್ತಡವು ಕೇಸ್‌ನ ತೆಳುಗೋಡೆಯನ್ನು ಚೇಂಬರಿಗೆ ಅಪ್ಪಳಿಸುತ್ತದೆ. 9 ಮಿ.ಮೀ. ಲೂಗರ್ ತೋಟಾದಲ್ಲಿ ಈ ಒತ್ತಡದ ಅಂಗೀಕೃತ ಮಿತಿ ಚದರ ಇಂಚಿಗೆ 35,000 ಪೌಂಡ್; .45 ಎಸಿಪಿಯಲ್ಲಿ 21,000. ಹೀಗೆ ಉಬ್ಬಿದ ಗೋಡೆಯೇ ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಹಿತ್ತಾಳೆ ತುಸು ಕುಗ್ಗುವುದರಿಂದ ಕೇಸ್ ಸರಾಗವಾಗಿ ಹೊರಬರುತ್ತದೆ. ಆದರೆ ಅದು ಪೂರ್ತಿಯಾಗಿ ಮೊದಲಿನ ಅಳತೆಗೆ ಮರಳುವುದಿಲ್ಲ. ಬೇರೆ ಪಿಸ್ತೂಲಿನ ಚೇಂಬರಿನಲ್ಲಿ ಉಬ್ಬಿದ ಕೇಸ್ ನಮ್ಮ ಪಿಸ್ತೂಲಿಗೆ ಹಿಡಿಸದೆಯೂ ಹೋಗಬಹುದು. ಅದರ ಬಾಯಿ ಹೊಸ ಗುಂಡನ್ನು ಬಿಗಿಯಾಗಿ ಹಿಡಿಯುವುದೂ ಇಲ್ಲ.

ಡೈಯ ಎರಡು ಹೊಣೆ

ಆದ್ದರಿಂದ ಡೈ ಮಾಡಬೇಕಾದ ಕೆಲಸ ಎರಡು. ತೋಟಾ ಚೇಂಬರಿನೊಳಗೆ ತಡೆಯಿಲ್ಲದೆ ಇಳಿಯುವಂತೆ ಹೊರಗಿನ ಅಳತೆಯನ್ನು ಕುಗ್ಗಿಸುವುದು ಒಂದು. ಬಾಯಿಯ ಒಳ ಅಳತೆಯನ್ನು ಗುಂಡಿನ ವ್ಯಾಸಕ್ಕಿಂತ ಕಿರಿದಾಗಿಸುವುದು ಇನ್ನೊಂದು. 9 ಮಿ.ಮೀ. ಗುಂಡಿನ ವ್ಯಾಸ ಸಾಮಾನ್ಯವಾಗಿ 0.355 ಇಂಚು. ಕೇಸ್‌ನ ಒಳವ್ಯಾಸ ಅದಕ್ಕಿಂತ ಇಂಚಿನ ಸಾವಿರದಲ್ಲಿ ಒಂದೆರಡು ಭಾಗ ಕಡಿಮೆಯಿದ್ದರೆ ಹಿತ್ತಾಳೆ ಗುಂಡನ್ನು ಸ್ಪ್ರಿಂಗಿನಂತೆ ಅಪ್ಪಿಹಿಡಿಯುತ್ತದೆ.

ಈ ಹಿಡಿತ ಸಡಿಲವಾದರೆ, ಮ್ಯಾಗಜೀನಿನಿಂದ ಚೇಂಬರಿಗೆ ನುಗ್ಗುವಾಗ ನಳಿಕೆಯ ಇಳಿಜಾರಿಗೆ ಬಡಿದು ಗುಂಡು ಕೇಸ್‌ನೊಳಕ್ಕೆ ಜಾರುತ್ತದೆ. 9 ಮಿ.ಮೀ. ಕೇಸ್‌ನೊಳಗೆ ಇರುವ ಜಾಗವೇ ಅಲ್ಪ. ಆ ಜಾಗ ತುಸು ಕುಗ್ಗಿದರೂ ಅಷ್ಟೇ ಮದ್ದಿನಿಂದ ಏಳುವ ಒತ್ತಡ ಮಿತಿ ಮೀರಿ ಏರಬಲ್ಲದು; ಪಿಸ್ತೂಲು ಒಡೆದು ಕೈಗೆ ಗಾಯವಾಗಲೂಬಹುದು.

ಉಕ್ಕಿನ ಡೈ, ಕಾರ್ಬೈಡ್ ಬಳೆ

ಬರಿಯ ಉಕ್ಕಿನ ಡೈ ಬಳಸುವಾಗ ಪ್ರತಿ ಕೇಸ್‌ಗೂ ಜಾರುಣ್ಣೆ ಸವರಬೇಕು. ಇಲ್ಲದಿದ್ದರೆ ಕೇಸ್ ಡೈಯಲ್ಲಿ ಕಚ್ಚಿಕೊಳ್ಳುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಬಳೆ ಕೂರಿಸಿದ ಡೈಗೆ ಎಣ್ಣೆ ಕಡ್ಡಾಯವಲ್ಲ. ಆದರೂ 9 ಮಿ.ಮೀ. ಕೇಸ್ ಬುಡದಲ್ಲಿ 0.391, ಬಾಯಲ್ಲಿ 0.380 ಇಂಚು ಇರುವ ಓರೆಗೋಡೆಯದಾದ್ದರಿಂದ, ಹೆಚ್ಚುಕಡಿಮೆ ನೇರಗೋಡೆಯ .45 ಎಸಿಪಿಗಿಂತ ಹೆಚ್ಚು ಬಲ ಕೇಳುತ್ತದೆ. ತುಸು ಎಣ್ಣೆ ಸವರಿದರೆ ತೋಳಿಗೆ ಹಿತ. ಆಮೇಲೆ ಅದನ್ನು ಒರೆಸಿ ತೆಗೆಯಬೇಕು.

ಡೈಯನ್ನು ಕೂರಿಸುವುದು ಸರಳ. ಪ್ರೆಸ್ಸಿನ ಕಂಬವನ್ನು ಪೂರ್ತಿ ಮೇಲೆತ್ತಿ, ಶೆಲ್ ಹೋಲ್ಡರಿಗೆ ತಾಗುವವರೆಗೆ ಡೈಯನ್ನು ತಿರುಗಿಸಿ ಇಳಿಸಬೇಕು. ಕಾರ್ಬೈಡ್ ಗಡಸಾದರೂ ಪೆಡಸು. ಬಲವಾಗಿ ಬಡಿದರೆ ಬಿರುಕು ಬಿಡುತ್ತದೆ. ಹಾಗಾಗಿ ಕಾಗದದಷ್ಟು ತೆರಪು ಬಿಡುವುದು ರೂಢಿ. ತೆರಪು ಅದಕ್ಕಿಂತ ಹೆಚ್ಚಾದರೆ ಬುಡದ ಉಬ್ಬು ಹಾಗೆಯೇ ಉಳಿಯುತ್ತದೆ.

ನಾನು ಮಾಡಿದ ತಪ್ಪು

ಮೊದಲ ವರ್ಷ ನನಗೆ ಆದದ್ದು ಇದೇ. ಡೈ ತುಸು ಮೇಲೆ ನಿಂತಿತ್ತು. ನಾನು ತುಂಬಿದ ತೋಟಾಗಳಲ್ಲಿ ಕೆಲವು ಚೇಂಬರಿನಲ್ಲಿ ಪೂರ್ತಿ ಕೂರಲಿಲ್ಲ. ಕಾರಣ ಬುಡದಲ್ಲಿತ್ತು, ನಾನು ಬಾಯಲ್ಲಿ ಹುಡುಕಿದೆ. ಕೊನೆಯ ಹಂತದ ಕ್ರಿಂಪ್ ಡೈಯನ್ನು ಇನ್ನಷ್ಟು ಬಿಗಿಗೊಳಿಸಿದೆ. ಬಿಗಿ ಹೆಚ್ಚಿದಷ್ಟೂ ಹಿಡಿತ ಹೆಚ್ಚೆಂಬುದು ನನ್ನ ಎಣಿಕೆಯಾಗಿತ್ತು.

ನಡೆದದ್ದು ತದ್ವಿರುದ್ಧ. ಅತಿಯಾಗಿ ಹಿಂಡಿದಾಗ ಗುಂಡಿನೊಳಗಿನ ಸೀಸ ಕುಗ್ಗಿ ಹಾಗೆಯೇ ಉಳಿಯುತ್ತದೆ. ಹಿತ್ತಾಳೆ ಮಾತ್ರ ತುಸು ಹಿಂದಕ್ಕೆ ಅರಳುತ್ತದೆ. ನಡುವೆ ಉಳಿಯುವುದು ಸಡಿಲು. ಅನುಭವಿಯೊಬ್ಬರು ತೋಟಾದ ಉದ್ದವನ್ನು ಕ್ಯಾಲಿಪರಿನಲ್ಲಿ ಅಳೆದು, ಗುಂಡಿನ ತುದಿಯನ್ನು ಮೇಜಿನ ಅಂಚಿಗೆ ಬಲವಾಗಿ ಒತ್ತಿ, ಮತ್ತೆ ಅಳೆಯಲು ಹೇಳಿದರು. ಉದ್ದ ಕಣ್ಣಿಗೇ ಕಾಣುವಷ್ಟು ಕಡಿಮೆಯಾಗಿತ್ತು. ಆ ಇಡೀ ಕಂತನ್ನು ಬಿಚ್ಚಲು ಎರಡು ಸಂಜೆ ಹಿಡಿಯಿತು.

ಅಂದು ಕಲಿತ ಪಾಠವಿಷ್ಟು: ಹಿಡಿತ ಹುಟ್ಟುವುದು ಅಳತೆಯ ಡೈಯಲ್ಲಿ, ಕ್ರಿಂಪಿನಲ್ಲಲ್ಲ. 9 ಮಿ.ಮೀ. ಮತ್ತು .45 ಎಸಿಪಿಗಳಲ್ಲಿ ಕ್ರಿಂಪಿನ ಕೆಲಸ, ಗುಂಡನ್ನು ಕೂರಿಸಲೆಂದು ಅಗಲಿಸಿದ ಬಾಯನ್ನು ನೇರಗೊಳಿಸುವುದಷ್ಟೇ. ಆ ತೋಟಾಗಳು ಚೇಂಬರಿನಲ್ಲಿ ಬಾಯಂಚಿನ ಆಧಾರದ ಮೇಲೆ ನಿಲ್ಲುವುದರಿಂದ, ಅಂಚನ್ನು ಒಳಕ್ಕೆ ಮಡಚಲೂ ಬಾರದು. ರಿವಾಲ್ವರಿನ .38 ಸ್ಪೆಷಲ್‌ಗೆ ಬುಡದ ಅಂಚೇ ಆಧಾರವಾದ್ದರಿಂದ ಅಲ್ಲಿ ಮಡಿಕೆ ಸಲ್ಲುತ್ತದೆ.

ಪರೀಕ್ಷೆ ಮತ್ತು ತ್ಯಾಜ್ಯ

ಈಗ ಪ್ರತಿ ಕಂತಿನಲ್ಲೂ ಎರಡು ಪರೀಕ್ಷೆ ಮಾಡುತ್ತೇನೆ. ಮೇಲೆ ಹೇಳಿದ ಒತ್ತುವ ಪರೀಕ್ಷೆ ಒಂದು. ಪಿಸ್ತೂಲಿನಿಂದ ಬಿಚ್ಚಿ ತೆಗೆದ ನಳಿಕೆಯೊಳಗೆ ತೋಟಾವನ್ನು ಬಿಡುವುದು ಎರಡನೆಯದು: ಅದು ತನ್ನ ಭಾರಕ್ಕೇ ಟಣ್ಣೆಂದು ಕೂರಬೇಕು, ಮಗುಚಿದರೆ ತಾನಾಗಿ ಬೀಳಬೇಕು.

ಕಂಚುಗಾರರು ಬಡಿದ ಲೋಹವನ್ನು ನಡುನಡುವೆ ಕಾಯಿಸಿ ಮೆದುಗೊಳಿಸುತ್ತಾರೆ. ಪೆಟ್ಟು ತಿಂದಷ್ಟೂ ಹಿತ್ತಾಳೆ ಗಡಸಾಗುತ್ತದೆ. ಕೇಸ್‌ನದೂ ಅದೇ ಗುಣ. ಆದರೆ ಪಿಸ್ತೂಲಿನ ಗಿಡ್ಡ ಕೇಸನ್ನು ಕಾಯಿಸುವುದು ಸಲ್ಲ. ಶಾಖ ಬುಡಕ್ಕಿಳಿದು ಅದನ್ನೂ ಮೆದುಗೊಳಿಸಿಬಿಡುತ್ತದೆ. ಆದ್ದರಿಂದ ಬಾಯಿ ಸೀಳಿದ, ಬುಡದಲ್ಲಿ ಒಂದೇ ಕಡೆ ಅತಿಯಾಗಿ ಉಬ್ಬಿದ ಕೇಸ್‌ಗಳನ್ನು ಗುಜರಿಗೆ ಹಾಕಬೇಕು. ಡೈ ಆಕಾರವನ್ನು ತಿದ್ದುತ್ತದೆ, ದಣಿದ ಲೋಹವನ್ನಲ್ಲ. ಹಳೆಯ ಪ್ರೈಮರಿನ ಮಸಿಯಲ್ಲಿ ಸೀಸವಿರುತ್ತದೆ. ಕೆಲಸ ಮುಗಿದೊಡನೆ ಕೈ ತೊಳೆಯಬೇಕು, ಮಕ್ಕಳನ್ನೂ ಊಟದ ಮೇಜನ್ನೂ ದೂರವಿಡಬೇಕು.

ಊರಿಗೆ ಹೊರಡುವವರಿಗೆ ಒಂದು ಮಾತು

ಅಮೆರಿಕದಲ್ಲಿ ಸ್ವಂತ ಬಳಕೆಗೆ ರೀಲೋಡಿಂಗ್ ಮಾಡಲು ಫೆಡರಲ್ ಪರವಾನಗಿ ಬೇಕಿಲ್ಲ. ಮಾರಾಟಕ್ಕೆ ತಯಾರಿಸುವುದಾದರೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದ ತಯಾರಿಕೆ ಅಪರಾಧ. ಚೀಲದ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ತೋಟಾದಿಂದ ವಿಮಾನ ನಿಲ್ದಾಣದಲ್ಲಿ ಮೊಕದ್ದಮೆ ಎದುರಿಸಿದವರಿದ್ದಾರೆ. ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಎಂದೂ ಬಳಸದಿರುವುದೇ ಕ್ಷೇಮ.